ಬ್ಯಾಕಪ್ ಇದೆ ಸರಿ, ಮರುದಿನ ಕೌಂಟರ್ ತೆರೆಯುತ್ತದಾ?

ಭೂದಾಖಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವರನ್ನು ‘ಬ್ಯಾಕಪ್ ಇದೆಯಾ’ ಅಂತ ಕೇಳಿ. ಎಲ್ಲರೂ ಇದೆ ಅನ್ನುತ್ತಾರೆ. ‘ಅದರಿಂದ ಇಡೀ ವ್ಯವಸ್ಥೆಯನ್ನು ಒಮ್ಮೆಯಾದರೂ ಮತ್ತೆ ಎಬ್ಬಿಸಿ ನೋಡಿದ್ದೀರಾ’ ಅಂತ ಕೇಳಿ, ಮಾತು ತಡವರಿಸುತ್ತದೆ. ಈ ಎರಡನೇ ಪ್ರಶ್ನೆ ಕೇಳುವುದೇ ನನ್ನ ಕೆಲಸ. ಹಾಗಾಗಿ ನಾನು ಬರುತ್ತೇನೆ ಅಂದರೆ ಯಾವ ಕಚೇರಿಯಲ್ಲೂ ಅಷ್ಟೇನೂ ಖುಷಿ ಇರುವುದಿಲ್ಲ.

ದಕ್ಷಿಣ ಕೊರಿಯಾದಂಥ ದೇಶದಲ್ಲೇ 2025ರ ಸೆಪ್ಟೆಂಬರ್‌ನಲ್ಲಿ ಏನಾಯಿತು ನೋಡಿ. ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿತು, ಆರುನೂರಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನಲ್ಲಿದ್ದ 858 ಟೆರಾಬೈಟ್ ಮಾಹಿತಿ ಹೋಯಿತು. ಅದು ತೀರಾ ದೊಡ್ಡದು ಅಂತ ಹೊರಗೆ ಪ್ರತಿಯನ್ನೇ ಇಟ್ಟಿರಲಿಲ್ಲ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲೂ ಒಂದು ಡೇಟಾ ಕೇಂದ್ರ ಸುಟ್ಟುಹೋಯಿತು. ಅಲ್ಲಿ ಕೆಲವು ಗ್ರಾಹಕರ ಮೂಲವೂ ಬ್ಯಾಕಪ್ಪೂ ಒಂದೇ ಆವರಣದಲ್ಲಿದ್ದವು. ಕಾಗದದ ಮೇಲೆ ಅವರಿಗೂ ಬ್ಯಾಕಪ್ ಇತ್ತು.

ಇಷ್ಟು ಯಾವ ಕಚೇರಿಗೂ ಅನ್ವಯಿಸುವ ಮಾತು. ಭೂದಾಖಲೆಗೆ ಇನ್ನೊಂದು ತೊಡಕಿದೆ. ಹೆಚ್ಚಿನವರಿಗೆ ಇದು ಹೊಳೆಯುವುದಿಲ್ಲ.

ಬೇರೆ ಕಚೇರಿಯಲ್ಲಿ ಕೊನೆಯ ಎರಡು ಗಂಟೆಯ ಕೆಲಸ ಕಳೆದುಹೋದರೆ ಜನರನ್ನು ಮತ್ತೆ ಕರೆದು ಅರ್ಜಿ ತುಂಬಿಸಿದರಾಯಿತು. ನೋಂದಣಿಯಲ್ಲಿ ಹಾಗಲ್ಲ, ಇಲ್ಲಿ ಯಾರು ಮೊದಲು ಬಂದರು ಅನ್ನುವುದೇ ಹಕ್ಕು. ಒಂದೇ ಜಮೀನನ್ನು ಒಬ್ಬ ಬೆಳಿಗ್ಗೆ ಅಡವಿಟ್ಟು ಮಧ್ಯಾಹ್ನ ಇನ್ನೊಬ್ಬರಿಗೆ ಮಾರಿದ್ದರೆ, ಬ್ಯಾಂಕಿನ ಸಾಲ ಆ ಜಮೀನಿನ ಮೇಲೆ ಇದೆಯಾ ಇಲ್ಲವಾ ಅನ್ನುವುದು ಆ ಎರಡು ದಾಖಲೆಗಳ ಸರದಿಯ ಮೇಲೆ ನಿಂತಿರುತ್ತದೆ. ಆ ಸರದಿ ಅಳಿಸಿಹೋದರೆ ಬ್ಯಾಂಕಿನವರು, ಕೊಂಡವರು ಇಬ್ಬರೂ ‘ನಾನೇ ಮೊದಲು’ ಅಂತಾರೆ, ಇಬ್ಬರ ಕೈಯಲ್ಲೂ ರಸೀದಿ ಇರುತ್ತದೆ, ಮುಂದಿನದು ಕೋರ್ಟಿಗೆ ಬಿಟ್ಟದ್ದು. ಅದಕ್ಕೇ ನಾನು ಮೊದಲು ಕೇಳುವುದು ಹಳೇ ದಾಖಲೆಗಳ ಬಗ್ಗೆ ಅಲ್ಲ. ಹಳೆಯದಕ್ಕೆ ಎಲ್ಲೋ ಒಂದು ಕಡೆ ಪ್ರತಿ ಇರುತ್ತದೆ. ಇವತ್ತು ಬಂದ ದಸ್ತಾವೇಜುಗಳ ಸಂಖ್ಯೆ, ಗಂಟೆ, ನಿಮಿಷ ಇರುವ ದಿನಚರಿ ಎಷ್ಟು ಬೇಗ ಕಟ್ಟಡದ ಹೊರಗೆ ಹೋಗುತ್ತದೆ? ರಾತ್ರಿ ಒಂದು ಸಲ ಅಂದರೆ ಸಾಲದು. ಈ ಪಟ್ಟಿ ತೀರಾ ಚಿಕ್ಕದು. ಪ್ರತಿ ನಮೂದೂ ಆದ ತಕ್ಷಣ ದೂರದ ಇನ್ನೊಂದು ಕಡೆ ಬರೆದುಕೊಳ್ಳುವುದು ಕಷ್ಟವೇನಲ್ಲ. ಕರೆಂಟು, ನೆಟ್‌ವರ್ಕ್ ಎರಡೂ ಹೋದ ದಿನಕ್ಕೆ ಅಂತ ಪುಟಸಂಖ್ಯೆ ಅಚ್ಚಾದ ಒಂದು ಬೌಂಡ್ ಪುಸ್ತಕವೂ ಕೌಂಟರಿನಲ್ಲಿ ಇರಲಿ. ಹಳೇ ಕಾಲದ್ದು ಅಂತ ನಗುವವರು ನಗಲಿ.

ಇನ್ನು ಸೈಬರ್ ದಾಳಿ. ಇದು ಬೆಂಕಿ, ನೆರೆಗಿಂತ ಬೇರೆ ಥರ. ನೆರೆ ಬಂದು ಹೋಗಿದ್ದು ಕಣ್ಣಿಗೆ ಕಾಣುತ್ತದೆ, ಒಳಗೆ ನುಸುಳಿದವನು ತಿಂಗಳುಗಟ್ಟಲೆ ಸುಮ್ನೆ ಕೂತಿರಬಹುದು, ಅಷ್ಟರಲ್ಲಿ ನಿಮ್ಮ ಬ್ಯಾಕಪ್‌ಗಳಿಗೂ ಅವನೇ ಸೇರಿಕೊಂಡಿರುತ್ತಾನೆ. ಅದಕ್ಕೆ ಒಂದು ಪ್ರತಿಯಾದರೂ ಯಾವ ನೆಟ್‌ವರ್ಕಿಗೂ ತಾಗದೆ, ಬರೆದ ಮೇಲೆ ತಿದ್ದಲಾಗದ ರೀತಿಯಲ್ಲಿ ಇರಬೇಕು. ಎಲ್ಲ ಅಳಿಸಿಹೋಗುವುದಕ್ಕಿಂತ ನನಗೆ ಜಾಸ್ತಿ ಭಯ ಇರುವುದು ಎಲ್ಲ ಸರಿಯಿದ್ದು ನಾಲ್ಕು ಹೆಸರು ಮಾತ್ರ ಬದಲಾಗುವುದರ ಬಗ್ಗೆ. ಅದನ್ನು ಹಿಡಿಯಲು ಪ್ರತಿದಿನದ ದಾಖಲೆಗಳಿಗೆ ಹ್ಯಾಶ್, ಅಂದರೆ ಒಂದಕ್ಷರ ಬದಲಾದರೂ ಪೂರ್ತಿ ಬೇರೆಯಾಗುವ ಗುರುತಿನ ಸಂಖ್ಯೆ, ತೆಗೆದು ಬೇರೆ ಇಲಾಖೆಯ ಕೈಯಲ್ಲಿ ಇಟ್ಟಿರಬೇಕು.

ನಿಮ್ಮ ಮನೆ ಗಟ್ಟಿಯಿದ್ದರೂ ಪಕ್ಕದವರಿಂದ ಕೆಲಸ ನಿಲ್ಲಬಹುದು. 2019ರ ಮೇನಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಸಭೆಯ ಕಂಪ್ಯೂಟರುಗಳನ್ನು, ಕಡತಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ರ‍್ಯಾನ್ಸಮ್‌ವೇರ್ ಹಿಡಿದಾಗ ಮನೆಗಳ ಮಾರಾಟವೇ ಕೆಲ ದಿನ ನಿಂತುಹೋಯಿತು. ಕಾರಣ ಇಷ್ಟೇ: ಆಸ್ತಿಯ ಮೇಲೆ ನಗರಸಭೆಗೆ ಬಾಕಿ ಏನಿದೆ ಅನ್ನುವ ಪ್ರಮಾಣಪತ್ರ ಕೊಡಲು ಆಗಲಿಲ್ಲ. ತೆರಿಗೆ, ಬ್ಯಾಂಕು, ಗುರುತಿನ ಚೀಟಿ, ಸರ್ವೆ, ಇವುಗಳಲ್ಲಿ ಒಂದೊಂದೂ ನಿಂತರೆ ನಮ್ಮಲ್ಲಿ ಏನು ನಿಲ್ಲುತ್ತದೆ ಅಂತ ಒಂದು ಪುಟ ಬರೆದಿಡಿ.

ಕಾಗದ ಇನ್ನೂ ಇದೆ ಅಲ್ವಾ? ಸ್ಕ್ಯಾನ್ ಆಗದ ಕಡತಗಳು, ಕೈಬರಹದ ನಕ್ಷೆಗಳು. ಅವುಗಳನ್ನು ನೆಲಮಾಳಿಗೆಯಲ್ಲಿ ಇಡಬೇಡಿ, ಇದನ್ನು ಇನ್ನೂ ಹೇಳಬೇಕಾಗಿರುವುದೇ ಬೇಸರ. ನೆನೆದ ಕಾಗದಕ್ಕೆ ಸುಮಾರು 48 ಗಂಟೆಯೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಬಿಸಿಲಿಗೆ ಹರಡಿ, ಇಸ್ತ್ರಿ ಮಾಡಿ ಉಳಿಸುತ್ತೇವೆ ಅಂತ ಹೊರಟರೆ ಹಾಳೆಗಳು ಅಂಟಿಕೊಂಡು ಶಾಯಿ ಹರಡಿ ಎಲ್ಲ ಹೋಗುತ್ತದೆ. ಒಣಗಿಸಲು ಆಗದಷ್ಟು ಇದ್ದರೆ ಹೆಪ್ಪುಗಟ್ಟಿಸಬೇಕು, ಆಮೇಲೆ ನಿಧಾನವಾಗಿ ನಿರ್ವಾತ ಯಂತ್ರದಲ್ಲಿ ಒಣಗಿಸಬೇಕು. 2004ರ ಸುನಾಮಿ ಆದ ಮೇಲೆ ಇಂಡೊನೇಷ್ಯಾದ ‘ಆಚೆ’ (Aceh) ಅನ್ನುವ ಪ್ರಾಂತ್ಯದಲ್ಲಿ ಮಾಡಿದ್ದೂ ಇದನ್ನೇ. ಕೆಸರು ತುಂಬಿದ ಭೂದಾಖಲೆ ಪುಸ್ತಕಗಳನ್ನು ಹೆಪ್ಪುಗಟ್ಟಿಸಿ ಜಕಾರ್ತಾಕ್ಕೆ ಒಯ್ದು ಜಪಾನಿನ ತಜ್ಞರ ನೆರವಿನಿಂದ ಉಳಿಸಿದರು. ನಿಮಗೆ ಹತ್ತಿರದ ದೊಡ್ಡ ಶೀತಲಗೃಹ ಯಾವುದು, ಅದರ ಜೊತೆ ಮೊದಲೇ ಒಪ್ಪಂದ ಆಗಿದೆಯಾ? ನೆರೆ ಬಂದ ದಿನ ಹುಡುಕಲು ಹೊರಟರೆ ಅದು ಬೇರೆಯವರ ಸಾಮಾನಿನಿಂದ ತುಂಬಿರುತ್ತದೆ.

ಕೆಲವೊಮ್ಮೆ ದಾಖಲೆ ಉಳಿದು ನೆಲವೇ ಸರಿಯುತ್ತದೆ. 2011ರ ಭೂಕಂಪದಲ್ಲಿ ಜಪಾನಿನ ಒಶಿಕಾ ಪರ್ಯಾಯದ್ವೀಪ 5 ಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಯಿತು. ಕಂಪ್ಯೂಟರಿನಲ್ಲಿ ಇರುವ ನಿರ್ದೇಶಾಂಕ, ಅಂದರೆ ಜಾಗ ಗುರುತಿಸುವ ಅಂಕಿ, ಹಿಡಿದು ಅಳೆದರೆ ನಿಮ್ಮ ಗೋಡೆ ಪಕ್ಕದವನ ಅಂಗಳದಲ್ಲಿ! ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಸುತ್ತ 2010-11ರ ಭೂಕಂಪಗಳಲ್ಲಿ ನೆಲ ಅಡ್ಡಾದಿಡ್ಡಿಯಾಗಿ ಸರಿದಾಗ ಗಡಿ ಯಾವುದು ಅನ್ನುವ ಜಗಳ ಎದ್ದಿತು. ಭೂಮಿ ಸರಿದರೆ ಗಡಿಯೂ ಅದರ ಜೊತೆ ಸರಿಯಿತು ಅಂತಲೇ ಲೆಕ್ಕ ಅಂತ ಹೇಳುವ ಕಾನೂನು ಬಂದಿದ್ದು 2016ರಲ್ಲಿ. ನನ್ನ ಮಟ್ಟಿಗೆ ಇದು ಸರಿಯಾದ ತೀರ್ಮಾನ, ಜನ ತಮ್ಮ ಬೇಲಿಯನ್ನು ನಂಬುತ್ತಾರೆ, ಉಪಗ್ರಹವನ್ನಲ್ಲ. ಆದರೆ ಐದು ವರ್ಷ ಕಾಯುವ ಬದಲು ನಿಯಮ ಮೊದಲೇ ಇದ್ದಿದ್ದರೆ?

ಕಾನೂನಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಸರ್ವರ್ ಖರೀದಿಗಿಂತ ಇದು ದೊಡ್ಡ ಕೆಲಸ. ಪ್ರತಿ ಇದ್ದರೂ ಅದನ್ನು ಮೂಲ ಅಂತ ಒಪ್ಪುವವರು ಯಾರು? 1871ರಲ್ಲಿ ಷಿಕಾಗೊ ಸುಟ್ಟಾಗ ನ್ಯಾಯಾಲಯ ಕಟ್ಟಡದಲ್ಲಿದ್ದ ಭೂದಾಖಲೆಗಳು ಬೂದಿಯಾದವು. ಉಳಿದದ್ದು ಕೆಲವು ಖಾಸಗಿ ಸಂಸ್ಥೆಗಳವರು ಬೆಂಕಿಯಿಂದ ಎಳೆದು ತಂದಿದ್ದ, ಯಾವ ಜಮೀನು ಯಾರಿಂದ ಯಾರಿಗೆ ಹೋಯಿತು ಅನ್ನುವ ಸಾರಾಂಶ ಪುಸ್ತಕಗಳು. ಸುಟ್ಟ ದಾಖಲೆಗಳಿಗಾಗಿ ಮಾರನೇ ವರ್ಷ ಪ್ರತ್ಯೇಕ ಕಾನೂನು ಮಾಡಬೇಕಾಯಿತು. 1906ರ ಭೂಕಂಪ, ಬೆಂಕಿ ಆದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಮಾಲೀಕರು ಕೋರ್ಟಿಗೆ ಹೋಗಿ ತಮ್ಮ ಜಮೀನು ತಮ್ಮದೇ ಅಂತ ಸಾಬೀತು ಮಾಡಲು ಹೊಸ ಕಾನೂನು ಬಂತು. ಉಕ್ರೇನ್ ಸರ್ಕಾರಿ ಮಾಹಿತಿಯನ್ನು ವಿದೇಶದ ಸರ್ವರ್‌ಗಳಿಗೆ ಸಾಗಿಸಲು ಕಾನೂನು ಬದಲಿಸಿದ್ದು 2022ರಲ್ಲಿ, ರಷ್ಯಾ ದಾಳಿಗೆ ಕೆಲವೇ ದಿನ ಮೊದಲು. ಎಸ್ಟೋನಿಯಾ ಮಾತ್ರ ಶಾಂತಿಯ ಕಾಲದಲ್ಲೇ, 2017ರಲ್ಲಿ, ಲಕ್ಸೆಂಬರ್ಗ್ ಜೊತೆ ಒಪ್ಪಂದ ಮಾಡಿಕೊಂಡು ಭೂ ನೋಂದಣಿ ಸೇರಿದಂತೆ ತನ್ನ ಮುಖ್ಯ ದಾಖಲೆಗಳ ಪ್ರತಿಯನ್ನು ಅಲ್ಲಿಡಲು ದಾರಿ ಮಾಡಿಕೊಂಡಿತು.

ದುರಂತದ ಮರುವಾರವೇ ಮೋಸದ ಕ್ರಯಪತ್ರಗಳು ಬರುತ್ತವೆ. ಮಾಲೀಕ ತೀರಿಹೋಗಿದ್ದಾನೆ, ವಾರಸುದಾರರು ಶಿಬಿರದಲ್ಲಿ ಇದ್ದಾರೆ, ಯಾರೋ ಒಬ್ಬ ಹಳೇ ದಿನಾಂಕದ ಕಾಗದ ಹಿಡಿದು ಬರುತ್ತಾನೆ. ಹಾನಿಗೊಳಗಾದ ಪ್ರದೇಶದ ವರ್ಗಾವಣೆಗಳನ್ನು ಕೆಲವು ವಾರ ತಡೆಹಿಡಿಯುವ ಅಧಿಕಾರ ಯಾರಿಗಿದೆ ಅಂತ ಮೊದಲೇ ಆದೇಶದಲ್ಲಿ ಇರಬೇಕು. ದಾಖಲೆಯಲ್ಲಿ ಹೆಸರೇ ಇಲ್ಲದ ಗೇಣಿದಾರರು, ಗಂಡನ ಹೆಸರಿನ ಮನೆಯಲ್ಲಿರುವ ಹೆಂಗಸರು, ಇವರಿಗೆ ಯಾವ ಬ್ಯಾಕಪ್ಪೂ ನೆರವಾಗುವುದಿಲ್ಲ. ಸುನಾಮಿ ಆದ ಮೇಲೆ ಆಚೆ ಪ್ರಾಂತ್ಯದಲ್ಲಿ ಊರಿನವರೇ ಕೂತು, ಅಕ್ಕಪಕ್ಕದವರ ಸಾಕ್ಷಿ ಹಿಡಿದು ಗಡಿ ಗುರುತಿಸಿ, ಆಮೇಲೆ ಸರ್ವೆಯವರು ಅಳೆದರು. ಆ ಥರದ ವಿಧಾನಕ್ಕೆ ಬೇಕಾದ ಫಾರಂ, ತರಬೇತಿ ಮೊದಲೇ ಸಿದ್ಧವಿಟ್ಟರೆ ತಿಂಗಳುಗಳು ಉಳಿಯುತ್ತವೆ.

ಅಣಕು ಅಭ್ಯಾಸವನ್ನು ರಜಾದಿನ ಇಟ್ಟುಕೊಳ್ಳಬೇಡಿ, ಜನ ತುಂಬಿದ ಕೆಲಸದ ದಿನವೇ ಮಾಡಿ. ಪಾಸ್‌ವರ್ಡ್ ಗೊತ್ತಿರುವ ಒಬ್ಬರೇ ಒಬ್ಬರನ್ನು ಅವತ್ತು ಮನೆಗೆ ಕಳಿಸಿ. ಬೇರೆ ಊರಿನ ಖಾಲಿ ಯಂತ್ರದ ಮೇಲೆ ಪ್ರತಿಯನ್ನು ಎಬ್ಬಿಸಿ, ಯಾವುದೋ ನೂರು ಜಮೀನು ಆರಿಸಿ ಮಾಲೀಕರ ಹೆಸರು, ಸಾಲ, ನಕ್ಷೆ ಮೂರೂ ಒಂದಕ್ಕೊಂದು ಹೊಂದುತ್ತವಾ ನೋಡಿ. ದಾಖಲೆ ನಿನ್ನೆಯದು, ನಕ್ಷೆ ಕಳೆದ ತಿಂಗಳದು ಅಂತ ಸಿಕ್ಕರೆ ಮುಂದಿನ ವಾರದ ಕೆಲಸ ಅದೇ.