ಬೆಂಗಳೂರಿಗೆ ಹೋದರೆ ಮೆಜೆಸ್ಟಿಕ್‌ನಲ್ಲೇ ರೂಮ್ ಮಾಡಬೇಕಾ?

ಪ್ರಶ್ನೆ: ನಾವು ಮಂಡ್ಯದವರು. ಅಮ್ಮನಿಗೆ ಜಯದೇವ ಆಸ್ಪತ್ರೆಯಲ್ಲಿ ಪರೀಕ್ಷೆಗಳಿವೆ. ಮೂರ್ನಾಲ್ಕು ದಿನ ಬೆಂಗಳೂರಿನಲ್ಲಿ ಉಳಿಯಬೇಕು. ಎಲ್ಲರೂ ಮೆಜೆಸ್ಟಿಕ್ ಹತ್ತಿರ ರೂಮ್ ಮಾಡಿ ಅಂತಾರೆ. ಅದು ಸರಿನಾ? ಸ್ಯಾಟಲೈಟ್ ಅಥವಾ ಕೆಂಗೇರಿ ಕಡೆ ಉಳಿದರೆ ಹೇಗೆ?

ಉತ್ತರ: ಈ ಪ್ರಶ್ನೆ ನಮ್ಮ ಕಡೆಯವರಿಂದ ಮತ್ತೆ ಮತ್ತೆ ಬರುತ್ತದೆ. ಮಂಡ್ಯದಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರ್. ಒಂದೇ ದಿನದ ಕೆಲಸವಾದರೆ ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡಬಹುದು. ಆದರೆ ಆಸ್ಪತ್ರೆಯ ಚೀಟಿ ಮಾಡಿಸಲು ಬೆಳಿಗ್ಗೆ ಬೇಗ ಸರದಿಯಲ್ಲಿ ನಿಲ್ಲಬೇಕು. ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದರೂ ಬೆಂಗಳೂರು ಸೇರುವಾಗ 9 ಗಂಟೆ ದಾಟಿರುತ್ತದೆ. ವಯಸ್ಸಾದವರನ್ನು ದಿನಾ ಓಡಾಡಿಸುವುದೂ ಕಷ್ಟ. ಹಾಗಾಗಿ ನೀವು ಉಳಿಯುವುದೇ ಸರಿ.

ಎಲ್ಲಿ ಅನ್ನುವುದಕ್ಕೆ ಮೊದಲು ನನ್ನ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಪ್ಪನನ್ನು ಚಿಕಿತ್ಸೆಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಬಸ್ಸು, ರೈಲು ಎಲ್ಲ ಹತ್ತಿರ ಅಂತ ಮೆಜೆಸ್ಟಿಕ್ ಬಳಿ ಒಂದು ಲಾಡ್ಜ್ ಹಿಡಿದೆ. ಲಿಫ್ಟ್ ಇರಲಿಲ್ಲ, ರೂಮ್ ಮೂರನೇ ಮಹಡಿ. ಬಿಸಿನೀರು ಬೆಳಿಗ್ಗೆ ಆರೂವರೆಗೆ ಬರುತ್ತಿತ್ತು, ನಾವು ಆರಕ್ಕೇ ಹೊರಡಬೇಕಿತ್ತು. ರೂಮಿನಿಂದ ಬಸ್ ಹತ್ತುವ ಪ್ಲಾಟ್‌ಫಾರ್ಮ್ ತನಕ ನಡೆಯುವಷ್ಟರಲ್ಲೇ ಅಪ್ಪ ಎರಡು ಸಲ ಕೂತರು. ಮೂರನೇ ದಿನ ಆಸ್ಪತ್ರೆಯ ಹಿಂದಿನ ಬೀದಿಗೆ ರೂಮ್ ಬದಲಾಯಿಸಿದೆ. ಬಾಡಿಗೆ ಸ್ವಲ್ಪ ಜಾಸ್ತಿ ಆಯಿತು. ಆದರೆ ಮಧ್ಯಾಹ್ನ ರಿಪೋರ್ಟ್‌ಗೆ ಕಾಯುವ ಹೊತ್ತಿನಲ್ಲಿ ಅಪ್ಪ ರೂಮಿಗೆ ಬಂದು ಒಂದು ಗಂಟೆ ಮಲಗಿದರು. ಆ ಒಂದು ಗಂಟೆ ನಿದ್ದೆ ನೋಡಿದ ಮೇಲೆ ನಾನು ಇನ್ನು ಯಾರಿಗೂ ಸುಮ್ನೆ ‘ಮೆಜೆಸ್ಟಿಕ್’ ಅಂತ ಹೇಳುವುದಿಲ್ಲ.

ಊರಿಂದ ಬಂದು ಇಳಿಯುವುದು ಒಂದು ಸಲ, ವಾಪಸ್ ಹತ್ತುವುದು ಒಂದು ಸಲ. ಆಸ್ಪತ್ರೆಗೆ ಮಾತ್ರ ದಿನಾ ಹೋಗಬೇಕು. ಅದಕ್ಕೇ ರೂಮ್ ಹುಡುಕುವಾಗ ದಿನಾ ಹೋಗುವ ಜಾಗದಿಂದ ಹಿಂದಕ್ಕೆ ಲೆಕ್ಕ ಹಾಕಿ.

ಜಯದೇವಕ್ಕೆ ಈಗ ದಾರಿ ಸುಲಭವಾಗಿದೆ. 2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಶುರುವಾಯಿತು. ಅದರಲ್ಲಿ ‘ಜಯದೇವ ಆಸ್ಪತ್ರೆ’ ಅಂತಲೇ ಒಂದು ನಿಲ್ದಾಣವಿದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹತ್ತಿದರೆ ಆರ್‌.ವಿ. ರಸ್ತೆ ಏಳನೇ ನಿಲ್ದಾಣ. ಅಲ್ಲಿ ಇಳಿದು ಹಳದಿಗೆ ಬದಲಾಯಿಸಿದರೆ ರಾಗಿಗುಡ್ಡ, ಆಮೇಲೆ ಜಯದೇವ. ನನ್ನ ಸಲಹೆ ಇಷ್ಟು: ಆಸ್ಪತ್ರೆಯ ಆಸುಪಾಸಿನಲ್ಲೇ ರೂಮ್ ಸಿಕ್ಕರೆ ಅದೇ ಮೊದಲು. ಸಿಗದಿದ್ದರೆ ಜಯನಗರದಲ್ಲಿ, ಆರ್‌.ವಿ. ರಸ್ತೆ ನಿಲ್ದಾಣಕ್ಕೆ ನಡೆದು ಹೋಗುವ ದೂರದಲ್ಲಿ ನೋಡಿ. ಅಲ್ಲಿಂದ ಆಸ್ಪತ್ರೆಗೂ ಒಂದೇ ರೈಲು, ಮೆಜೆಸ್ಟಿಕ್‌ಗೂ ಒಂದೇ ರೈಲು. ಅಂದ ಹಾಗೆ, ಜಯದೇವದ ಶಾಖೆ ಮೈಸೂರಿನ ಕೆ.ಆರ್‌.ಎಸ್. ರಸ್ತೆಯಲ್ಲೂ ಇದೆ. ಅಮ್ಮನ ಪರೀಕ್ಷೆ ಅಲ್ಲೇ ಆಗುತ್ತದಾ ಅಂತ ವೈದ್ಯರನ್ನು ಒಮ್ಮೆ ಕೇಳಿ. ಮಂಡ್ಯಕ್ಕೆ ಮೈಸೂರು ಅರ್ಧದಷ್ಟು ದೂರ ಅಲ್ವಾ?

ಬೇರೆ ಆಸ್ಪತ್ರೆಗೆ ಹೋಗುವವರಿಗೆ ಲೆಕ್ಕ ಬದಲಾಗುತ್ತದೆ. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಮೂರೂ ಕೆ.ಆರ್. ಮಾರುಕಟ್ಟೆಯ ಹತ್ತಿರ ಇವೆ. ಮೆಜೆಸ್ಟಿಕ್‌ನಿಂದ ಎರಡೇ ನಿಲ್ದಾಣ, ಹಾಗಾಗಿ ಅವರಿಗೆ ಮೆಜೆಸ್ಟಿಕ್ ನಿಜಕ್ಕೂ ಅನುಕೂಲ. ಕಿದ್ವಾಯಿ, ನಿಮ್ಹಾನ್ಸ್‌ಗೆ ಹೋಗುವವರು ಆ ಕಡೆಯೇ ಉಳಿಯಿರಿ. ಅಲ್ಲಿ ರೋಗಿಗಳ ಕಡೆಯವರಿಗೆ ಧರ್ಮಶಾಲೆಗಳೂ ಇವೆ, ಲಾಡ್ಜ್ ಹುಡುಕುವ ಮೊದಲು ವಿಚಾರಿಸಿ.

ಇನ್ನು ಕೆಂಗೇರಿ ಮತ್ತು ಸ್ಯಾಟಲೈಟ್. ಎರಡೂ ನಮ್ಮ ಕಡೆಯ ಬಾಗಿಲುಗಳೇ. ಮಂಡ್ಯದಿಂದ ಹೋಗುವ ಎಷ್ಟೋ ರೈಲುಗಳು ಕೆಂಗೇರಿಯಲ್ಲಿ ನಿಲ್ಲುತ್ತವೆ. ನಮ್ಮ ಸಾರಿಗೆ ಬಸ್ಸುಗಳು ಹೆಚ್ಚಾಗಿ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಹೋಗುತ್ತವೆ, ಅದಕ್ಕೆ ದೀಪಾಂಜಲಿ ನಗರ ಮೆಟ್ರೊ ಹತ್ತಿರ. ಎರಡೂ ಕಡೆಯ ಮೆಟ್ರೊ ನೇರಳೆ ಮಾರ್ಗದ್ದು. ವಿಧಾನಸೌಧದ ಹತ್ತಿರದ ಕಚೇರಿ ಕೆಲಸ, ಎಂ.ಜಿ. ರಸ್ತೆ, ವೈಟ್‌ಫೀಲ್ಡ್ ಕಡೆಯ ಸತ್ಯಸಾಯಿ ಆಸ್ಪತ್ರೆ, ಇವಕ್ಕೆಲ್ಲ ಎಲ್ಲೂ ಬದಲಾಯಿಸದೆ ಹೋಗಬಹುದು. ಆದರೆ ನಿಮಗೆ ಜಯದೇವಕ್ಕೆ ಹೋಗಲು ಎರಡು ಸಲ ರೈಲು ಬದಲಾಯಿಸಬೇಕಾಗುತ್ತದೆ. ಮೆಜೆಸ್ಟಿಕ್ ಮೆಟ್ರೊದಲ್ಲಿ ನೇರಳೆಯಿಂದ ಹಸಿರಿಗೆ ಬದಲಾಯಿಸುವಾಗ ಬೆಳಗಿನ ಹೊತ್ತು ಸಿಕ್ಕಾಪಟ್ಟೆ ಜನ. ಅಮ್ಮನನ್ನು ಕರೆದುಕೊಂಡು ಅದು ದಿನಾ ಬೇಡ.

ರೂಮ್ ಮಾಡುವ ಮೊದಲು ಲಾಡ್ಜ್‌ಗೆ ನೀವೇ ಫೋನ್ ಮಾಡಿ. ‘ಮೆಟ್ರೊ ಹತ್ತಿರ’ ಅಂದರೆ ಎಷ್ಟು ನಿಮಿಷ ನಡೆಯಬೇಕು, ನಡುವೆ ದೊಡ್ಡ ರಸ್ತೆ ದಾಟಬೇಕಾ ಅಂತ ಕೇಳಿ. ಲಿಫ್ಟ್ ಇದೆಯಾ, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಬಾಡಿಗೆ ಲೆಕ್ಕ 24 ಗಂಟೆಯದಾ ಅಥವಾ ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕಾ ಅಂತಲೂ ಕೇಳಿ. ಬೆಳಗಿನ ಜಾವ ಹೋಗಿ ಇಳಿಯುವವರಿಗೆ 24 ಗಂಟೆಯ ಲೆಕ್ಕವೇ ಲಾಭ. ಇಬ್ಬರ ಆಧಾರ್ ಜೆರಾಕ್ಸ್ ಇಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ ಮೆಟ್ರೊ ತಡವಾಗಿ ಶುರುವಾಗುತ್ತದೆ, ಅದೂ ನೆನಪಿರಲಿ.

ವಾಪಸ್ ಬರುವಾಗ ಸ್ಯಾಟಲೈಟ್‌ನಲ್ಲಿ ಮೈಸೂರು ಬೋರ್ಡ್ ನೋಡಿ ತಕ್ಷಣ ಹತ್ತಬೇಡಿ. ತಡೆರಹಿತ ಬಸ್ಸುಗಳು ಬೈಪಾಸ್‌ನಲ್ಲೇ ಹೋಗಿಬಿಡುತ್ತವೆ. ‘ಮಂಡ್ಯ ಒಳಗೆ ಹೋಗುತ್ತಾ ಅಣ್ಣ?’ ಅಂತ ಕಂಡಕ್ಟರ್‌ನ ಕೇಳಿ, ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ.