ಕಾಮೆಂಕಾ ಹೊಲದ ವಿಮಾನ ಹಾರಲೇ ಇಲ್ಲ

2023ರ ಸೆಪ್ಟೆಂಬರ್ 12ರಂದು ಸೈಬೀರಿಯಾದ ಕಾಮೆಂಕಾ ಹಳ್ಳಿಯ ಬಳಿ, ಹೊಲದಲ್ಲಿ, ರಷ್ಯಾದ ಉರಲ್ ಏರ್‌ಲೈನ್ಸ್ ಕಂಪನಿಯ ಏರ್‌ಬಸ್ ಎ320 ವಿಮಾನ ಇಳಿಯಿತು. ಒಳಗೆ 160ಕ್ಕೂ ಹೆಚ್ಚು ಜನ. ಎಲ್ಲರೂ ಬದುಕಿದರು. ವಿಮಾನ ತನ್ನ ಚಕ್ರಗಳ ಮೇಲೇ ನಿಂತಿತ್ತು. ದೂರದಿಂದ ನೋಡಿದರೆ ಯಾರೋ ತಂದು ನಿಲ್ಲಿಸಿ ಹೋದಂತೆ. ಇದನ್ನು ಮತ್ತೆ ಹಾರಿಸಿಕೊಂಡು ಹೋಗಬಹುದಲ್ಲ ಎಂದು ಯಾರಿಗಾದರೂ ಅನ್ನಿಸಬೇಕು. ಕಂಪನಿಗೂ ಹಾಗೇ ಅನ್ನಿಸಿತು.

ಸೋಚಿಯಿಂದ ಓಮ್ಸ್ಕ್‌ಗೆ ಹೊರಟಿದ್ದ ವಿಮಾನ ಅದು. ಇಳಿಯುವ ಹೊತ್ತಿಗೆ, ದ್ರವದ ಒತ್ತಡದಿಂದ ಚಕ್ರ, ಬ್ರೇಕುಗಳನ್ನು ನಡೆಸುವ ಒಂದು ಹೈಡ್ರಾಲಿಕ್ ವ್ಯವಸ್ಥೆ ಕೈಕೊಟ್ಟಿತು. ಉದ್ದದ ರನ್‌ವೇ ಇರುವ ನೊವೊಸಿಬಿರ್ಸ್ಕ್‌ಗೆ ಹೋಗೋಣವೆಂದು ಪೈಲಟ್‌ಗಳು ತೀರ್ಮಾನಿಸಿದರು. ಆದರೆ ಚಕ್ರಗಳ ಬಾಗಿಲು ಮುಚ್ಚದೆ ಗಾಳಿಯ ತಡೆ ಹೆಚ್ಚಿತು, ಎದುರುಗಾಳಿಯೂ ಸೇರಿತು, ಇಂಧನ ಸಾಲಲಿಲ್ಲ.

ನಮ್ಮ ಪಕ್ಕದಲ್ಲೇ ಇಂಥದ್ದು ನಡೆದಿತ್ತು. 1993ರ ನವೆಂಬರ್ 15ರಂದು ಮದ್ರಾಸಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ ಎ300 ಹೈದರಾಬಾದಿನಲ್ಲಿ ಇಳಿಯಲಾಗದೆ ಹಿಂದಿರುಗುತ್ತಿತ್ತು. ಇಳಿಯಲೆಂದು ರೆಕ್ಕೆಯ ಹಿಂಬದಿಯಿಂದ ಚಾಚಿದ ಫ್ಲಾಪ್ ಎಂಬ ಹಲಗೆಗಳು ಒಳಗೆ ಮಡಚಿಕೊಳ್ಳದೆ ಗಾಳಿಯ ತಡೆ ಹೆಚ್ಚಿತು. ಇಂಧನ ಮುಗಿಯುತ್ತಾ ಬಂದಾಗ ತಿರುಪತಿ ಬಳಿಯ ಭತ್ತದ ಗದ್ದೆಯೇ ಗತಿಯಾಯಿತು. 262 ಮಂದಿಯೂ ಉಳಿದರು. ವಿಮಾನ ಮತ್ತೆ ಹಾರಲಿಲ್ಲ.

ಹೊಲದಿಂದ ವಿಮಾನ ತೆಗೆಯುವ ಕೆಲಸ ಶುರುವಾಗುವುದೇ ತನಿಖಾಧಿಕಾರಿಗಳು ಅನುಮತಿ ಕೊಟ್ಟ ಮೇಲೆ. ಬ್ಯಾಟರಿ ಬೇರ್ಪಡಿಸಿ, ಉಳಿದ ಇಂಧನ ಹೊರತೆಗೆದು, ಸಾಮಾನು ಸರಂಜಾಮು ಇಳಿಸಿ ಹಗುರ ಮಾಡುತ್ತಾರೆ. ಅಷ್ಟಾದರೂ ಎ320 ಸುಮಾರು 42 ಟನ್ ತೂಗುತ್ತದೆ, ಆ ಭಾರವೆಲ್ಲ ಆರು ಟೈರುಗಳ ಮೇಲೆ. ಮಳೆಗಾಲದಲ್ಲಿ ಎರೆಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿ ಹೂತುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಕ್ರ ಹೂತಿದ್ದರೆ ಅಥವಾ ಮುರಿದಿದ್ದರೆ, ರೆಕ್ಕೆಯ ಕೆಳಗೆ ಗಾಳಿ ತುಂಬುವ ದಪ್ಪ ಚೀಲಗಳನ್ನಿಟ್ಟು ಇಂಚಿಂಚಾಗಿ ಎತ್ತಬೇಕು. ಕೆಳಗೆ ಕಬ್ಬಿಣದ ತಗಡು ಹಾಸಿ ತಾತ್ಕಾಲಿಕ ದಾರಿ ಮಾಡಬೇಕು. ಹಗ್ಗ ಎಲ್ಲಿ ಕಟ್ಟಬೇಕು, ಎಷ್ಟು ಜೋರಾಗಿ ಎಳೆಯಬಹುದು ಎಂಬುದನ್ನೆಲ್ಲ ತಯಾರಕರ ಕೈಪಿಡಿ ಹೇಳುತ್ತದೆ. ಇದನ್ನು ಮೀರಿದರೆ ಇಳಿಯುವಾಗ ಆಗದ ಪೆಟ್ಟು ಎಳೆಯುವಾಗ ಆಗುತ್ತದೆ.

ಹಾಗಿದ್ದೂ ಕೆಲವು ವಿಮಾನಗಳು ಇಳಿದಲ್ಲಿಂದಲೇ ಹಾರಿಹೋಗಿವೆ. 1983ರ ಜುಲೈನಲ್ಲಿ ಆಕಾಶದಲ್ಲೇ ಇಂಧನ ಬರಿದಾಗಿ ಕೆನಡಾದ ಗಿಮ್ಲಿಯಲ್ಲಿ ತೇಲುತ್ತ ಇಳಿದ ಏರ್ ಕೆನಡಾದ ಬೋಯಿಂಗ್ 767 ತಾತ್ಕಾಲಿಕ ರಿಪೇರಿಯಾಗಿ ಹೊರಟಿತು, 2008ರವರೆಗೆ ದುಡಿಯಿತು. 1988ರ ಮೇ 24ರಂದು ಆಲಿಕಲ್ಲು ಮಳೆಗೆ ಎರಡೂ ಎಂಜಿನ್ ನಿಂತು ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಹುಲ್ಲುದಿಬ್ಬದ ಮೇಲೆ ಇಳಿದ ಟಾಕಾ ವಿಮಾನ ಕಂಪನಿಯ ಬೋಯಿಂಗ್ 737ರ ಕಥೆ ಇನ್ನೂ ಸೊಗಸು. ರೆಕ್ಕೆ ಕಳಚಿ ದೋಣಿಯಲ್ಲಿ ಸಾಗಿಸುವ ಯೋಚನೆಯಿತ್ತು. ಕೊನೆಗೆ ಎಂಜಿನ್ ಬದಲಿಸಿ, ಪಕ್ಕದ ನಾಸಾ ಆವರಣದ ರಸ್ತೆಯಿಂದಲೇ ಹಾರಿಸಿದರು. ರಷ್ಯಾದ ಈಜ್ಮಾದಲ್ಲಿ 2010ರ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ಕೆಟ್ಟು ಇಳಿದ ಟಿಯು-154 ವಿಮಾನ, ರನ್‌ವೇ ದಾಟಿ ಗಿಡಗಂಟಿಗಳೊಳಗೆ ನುಗ್ಗಿ ನಿಂತಿತ್ತು. ಅದನ್ನು ಅಲ್ಲೇ ಸರಿಪಡಿಸಿ 2011ರ ಮಾರ್ಚ್‌ನಲ್ಲಿ ಹಾರಿಸಿದರು.

ಈ ಮೂರನ್ನೂ ಜೊತೆಗಿಟ್ಟು ನೋಡಿದಾಗ ನನ್ನ ಕಣ್ಣಿಗೆ ಬೀಳುವುದು ನೆಲ. ಗಿಮ್ಲಿಯಲ್ಲಿ ಹಳೆಯ ವಾಯುನೆಲೆಯ ರನ್‌ವೇ ಇತ್ತು, ನ್ಯೂ ಆರ್ಲಿಯನ್ಸ್‌ನಲ್ಲಿ ಗಟ್ಟಿ ರಸ್ತೆ ಪಕ್ಕದಲ್ಲೇ ಸಿಕ್ಕಿತು, ಈಜ್ಮಾದಲ್ಲಿ ವಿಮಾನಗಳ ಓಡಾಟ ನಿಂತಮೇಲೂ ಒಬ್ಬ ನೌಕರ ವರ್ಷಗಟ್ಟಲೆ ರನ್‌ವೇಯನ್ನು ಗುಡಿಸಿ ಇಟ್ಟಿದ್ದ. ಮಾಸ್ಕೋ ಹೊರವಲಯದ ಮೆಕ್ಕೆಜೋಳದ ಹೊಲದಲ್ಲಿ 2019ರಲ್ಲಿ, ಹಕ್ಕಿಗಳು ಬಡಿದು ಹೊಟ್ಟೆಯ ಮೇಲೆ ಇಳಿದ ಉರಲ್‌ನದೇ ಎ321ಕ್ಕೆ ಅಂಥ ಭಾಗ್ಯವಿರಲಿಲ್ಲ. ಅದನ್ನು ಅಲ್ಲೇ ತುಂಡರಿಸಿ ಸಾಗಿಸಿದರು.

ಕಾಮೆಂಕಾದಲ್ಲಿ ಗಟ್ಟಿ ನೆಲವಿರಲಿಲ್ಲ. ಚಳಿಗಾಲವೇ ಅದನ್ನು ಮಾಡಿಕೊಡಲಿ ಎಂದು ಕಂಪನಿ ಕಾಯಿತು. ಸೈಬೀರಿಯಾದ ಹಿಮಗಾಲದಲ್ಲಿ ಮಣ್ಣು ಕಲ್ಲಾಗುತ್ತದೆ. ಆಗ ಹಗುರ ಮಾಡಿದ ವಿಮಾನವನ್ನು ಹೊಲದಿಂದಲೇ ಹಾರಿಸಬಹುದು ಎಂಬುದು ಲೆಕ್ಕಾಚಾರ. ಸುತ್ತ ಬೇಲಿ ಹಾಕಿ ಕಾವಲಿಟ್ಟರು. ಹುಚ್ಚು ಯೋಚನೆಯೆಂದು ನಾನಂತೂ ಹೇಳಲಾರೆ. 2022ರಿಂದ ನಿರ್ಬಂಧಗಳ ಕಾರಣ ರಷ್ಯಾಕ್ಕೆ ಏರ್‌ಬಸ್‌ನ ಹೊಸ ವಿಮಾನವೂ ಇಲ್ಲ, ಬಿಡಿಭಾಗವೂ ನೇರವಾಗಿ ಸಿಗುವುದಿಲ್ಲ. ಇರುವ ಒಂದೊಂದನ್ನೂ ಉಳಿಸಿಕೊಳ್ಳಬೇಕು.

ನೆಲವೇನೋ ಹೆಪ್ಪುಗಟ್ಟಿತು. ಆದರೆ 2024ರ ಜನವರಿಯಲ್ಲಿ ಕಂಪನಿ ಆ ಯೋಜನೆ ಕೈಬಿಟ್ಟು, ವಿಮಾನವನ್ನು ಬಿಡಿಭಾಗಗಳಿಗಾಗಿ ಕಳಚುವುದಾಗಿ ಹೇಳಿತು.