ಬಚ್ಚಲ ನೀರನ್ನು ಡ್ರಮ್ಮಿಗೆ ತುಂಬಬೇಡಿ

ಹೋದ ತಿಂಗಳು ಮತ್ತೆ ಅದೇ ಆಯಿತು. ಬಸವನಗುಡಿಯ ಒಂದು ಮನೆಗೆ ಹೋಗಿದ್ದೆ. ಗೇಟು ತೆಗೆಯುವಾಗಲೇ ಕೊಳೆತ ಮೊಟ್ಟೆಯ ವಾಸನೆ ಬಂತು. ಹಿತ್ತಲಲ್ಲಿ 200 ಲೀಟರಿನ ಎರಡು ನೀಲಿ ಡ್ರಮ್ ನಿಂತಿದ್ದವು. ಮುಚ್ಚಳ ತೆಗೆದರೆ ಕಪ್ಪು ನೀರು, ಅದರ ಮೇಲೆ ಬಿಳಿ ಕೆನೆ, ಕೆನೆಯ ಕೆಳಗೆ ಸೊಳ್ಳೆ ಮರಿಗಳು. ಆ ಮನೆಯ ಅಮ್ಮ ನಿವೃತ್ತ ಹೆಡ್‌ಮಿಸ್ಸು. "ಹತ್ತು ದಿನದಿಂದ ಕೂಡಿಸ್ತಾ ಇದೀನಪ್ಪಾ, ಒಂದು ಹನೀನೂ ಹಾಳು ಮಾಡಿಲ್ಲ" ಎಂದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಏನೂ ಹೇಳಲು ಮನಸ್ಸಾಗಲಿಲ್ಲ.

ಮನೆಗಳಿಗೆ ಪೈಪು ಕೂರಿಸಿ ಕೈತೋಟ ಮಾಡಿಕೊಡುವುದು ನನ್ನ ಕೆಲಸ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟವು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು. ಆಗಿನಿಂದ ಸ್ನಾನದ ನೀರನ್ನು ಗಿಡಕ್ಕೆ ಬಿಡಬೇಕು ಅಂತ ಕರೆಯುವವರು ಜಾಸ್ತಿ ಆಗಿದ್ದಾರೆ. ಒಳ್ಳೆಯದೇ. ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಪಂಪು ಹಚ್ಚಿ ಮೇಲಕ್ಕೆತ್ತಿ ತಂದ ನೀರು ಅದು. ಒಂದು ಸಲ ಮೈಮೇಲೆ ಸುರಿದುಕೊಂಡು ಮೋರಿಗೆ ಬಿಡುವುದು ನನಗೂ ಸಂಕಟ. ಆದರೆ ನನ್ನನ್ನು ಕರೆಯುವ ಮೊದಲೇ ಹೆಚ್ಚಿನವರು ಹೋಗಿ ಡ್ರಮ್ ತಂದಿರುತ್ತಾರೆ.

ಯಾಕೆ ಹೀಗಾಗುತ್ತದೆ ಅಂತ ಯೋಚಿಸಿದ್ದೇನೆ. 2009ರಲ್ಲಿ ಬೆಂಗಳೂರಿನ ದೊಡ್ಡ ಸೈಟಿನ ಮನೆಗಳಿಗೆ ಮಳೆ ನೀರು ಕೊಯ್ಲು ಕಡ್ಡಾಯವಾಯಿತು. ಕೂಡಿಡಿ, ಕೂಡಿಡಿ ಅಂತ ನಾವೇ ಎಲ್ಲರಿಗೂ ಹೇಳಿಕೊಟ್ಟೆವು. ಹೆಡ್‌ಮಿಸ್ಸೂ ಅದನ್ನೇ ಕೇಳಿದರು. "ಮಳೆ ನೀರು ತಿಂಗಳುಗಟ್ಟಲೆ ಸಂಪಿನಲ್ಲಿ ಇರತ್ತೆ, ಆರ್‌ಓ ಮಷೀನು ಹೊರಗೆ ಬಿಡೋ ನೀರೂ ಬಕೆಟ್ಟಿನಲ್ಲಿ ಇರತ್ತೆ. ಇದಕ್ಕೇನು ರೋಗ?"

ಉತ್ತರ ಇಷ್ಟೇ. ಶೋಧಿಸಿ ಇಟ್ಟ ಮಳೆ ನೀರಿನಲ್ಲಿ ಬ್ಯಾಕ್ಟೀರಿಯಾಗಳಿಗೆ ತಿನ್ನಲು ಹೆಚ್ಚೇನೂ ಇಲ್ಲ. ಆರ್‌ಓ ಬಿಟ್ಟ ನೀರಿನಲ್ಲಿ ಉಪ್ಪಿದೆ, ಊಟ ಇಲ್ಲ. ಬಚ್ಚಲ ನೀರಿನಲ್ಲಿ ನಿಮ್ಮ ಮೈಯ ಕೊಳೆ ಇದೆ, ಎಣ್ಣೆ ಇದೆ, ಸೋಪಿನ ಜಿಡ್ಡು, ಬಟ್ಟೆಯ ಎಳೆ, ಕೂದಲು ಎಲ್ಲ ಇದೆ. ಸಾಲದ್ದಕ್ಕೆ ಬೆಚ್ಚಗೂ ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ತಿನ್ನುತ್ತಾ ತಿನ್ನುತ್ತಾ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಆಮೇಲೆ ಗಾಳಿ ಬೇಡದ ಬೇರೆ ಜಾತಿಯವು ಶುರು ಹಚ್ಚಿಕೊಳ್ಳುತ್ತವೆ. ಅವು ನೀರಿನಲ್ಲಿ, ಸೋಪಿನ ಪುಡಿಯಲ್ಲಿ ಇರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅಂದರೆ ಅದೇ. ಇದಕ್ಕೆ ವಾರ ಬೇಕಿಲ್ಲ. ನಮ್ಮ ಬೇಸಿಗೆಯಲ್ಲಿ ಒಂದು ದಿನ ಸಾಕು. ಹಾಗಾಗಿ ನಾನು ಹಾಕಿಕೊಂಡ ಲೆಕ್ಕ 24 ಗಂಟೆ. ಬೆಳಿಗ್ಗೆ ಬಿದ್ದ ನೀರು ಅವತ್ತೇ ಮಣ್ಣಿನೊಳಗೆ ಹೋಗಬೇಕು.

"ಡ್ರಮ್ಮಿಗೆ ಫಿಲ್ಟರ್ ಹಾಕಿದ್ರೆ?" ಅಂತ ಎಲ್ಲರೂ ಕೇಳುತ್ತಾರೆ. ಜಾಲರಿ, ಮರಳು ಹಾಕಿದರೆ ಕೂದಲು, ಎಳೆ ಸಿಗುತ್ತವೆ. ಕರಗಿದ ಸೋಪು, ಕೊಳೆ ಹಾಗೇ ಇಳಿದು ಹೋಗುತ್ತವೆ. ಎರಡು ಗಂಟೆ ತಡವಾಗಿ ನಾರಬಹುದು, ಅಷ್ಟೇ. "ಸ್ವಲ್ಪ ಬ್ಲೀಚಿಂಗ್ ಪೌಡರ್?" ದಯವಿಟ್ಟು ಬೇಡ. ಅದು ಮಣ್ಣಿನಲ್ಲಿರುವ ಜೀವಿಗಳನ್ನೂ ಕೊಲ್ಲುತ್ತದೆ. ನಿಮ್ಮ ನೀರನ್ನು ತೊಳೆದುಕೊಡುವವು ಅವೇ ಅಲ್ವಾ?

ನಮ್ಮ ಅಜ್ಜಿಯ ಮನೆಯಲ್ಲಿ ಬಚ್ಚಲ ಮೋರಿಯ ನೀರು ಗೋಡೆಯ ಆಚೆ ಹರಿದು ನೇರ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಸುತ್ತ ಕೆಸುವು ಬೆಳೆದಿರುತ್ತಿತ್ತು. ನಡುವೆ ತೊಟ್ಟಿ ಇರಲಿಲ್ಲ, ಪಂಪು ಇರಲಿಲ್ಲ. ಆಗ ಸೀಗೆಕಾಯಿ, ಕಡಲೆಹಿಟ್ಟು ಹಾಕಿ ಮೀಯುತ್ತಿದ್ದರು ಎನ್ನುವುದು ನಿಜ, ಈಗಿನ ಸೋಪಿನಷ್ಟು ಸೋಡಾ ಅದರಲ್ಲಿರಲಿಲ್ಲ. ಆದರೆ ದಾರಿ ಅದೇ.

ನಾನು ಮಾಡಿಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ಬಾಳೆಯ ಪಕ್ಕ ಒಂದಡಿ ಆಳದ ಗುಂಡಿ ತೋಡಿ, ತೆಂಗಿನ ಸಿಪ್ಪೆ, ತರಗೆಲೆ ತುಂಬಿಸುತ್ತೇನೆ. ಪೈಪಿನ ಬಾಯಿ ಎಲೆಯ ಅಡಿಯಲ್ಲಿ ಇರಬೇಕು, ನೀರು ಕಣ್ಣಿಗೆ ಕಾಣಬಾರದು. ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ಇದ್ದರೆ ತಾನಾಗಿಯೇ ಹರಿಯುತ್ತದೆ. ನಾಲ್ಕು ಜನರ ಮನೆಯಲ್ಲಿ ತಲೆಗೆ ಒಂದೂವರೆ ಬಕೆಟ್ ಸ್ನಾನ ಅಂದರೂ ದಿನಕ್ಕೆ ನೂರು ಲೀಟರ್ ಚಿಲ್ಲರೆ ಆಗುತ್ತದೆ. ಬೆಳೆದ ಒಂದು ಬಾಳೆ ಗಿಡ ಬೇಸಿಗೆಯಲ್ಲಿ ದಿನಕ್ಕೆ 20 ಲೀಟರ್ ಕುಡಿಯುತ್ತದೆ. ಐದು ಬಾಳೆ ಇದ್ದರೆ ಲೆಕ್ಕ ಮುಗಿಯಿತು. ಕೂಡಿಡಲು ಉಳಿಯುವುದಾದರೂ ಏನು?

ಪೈಪಿಗೆ ಒಂದು ತ್ರೀ-ವೇ ವಾಲ್ವ್, ಅಂದರೆ ನೀರನ್ನು ಗಿಡಕ್ಕೋ ಒಳಚರಂಡಿಗೋ ತಿರುಗಿಸುವ ವಾಲ್ವ್, ಮಾತ್ರ ಬೇಕೇ ಬೇಕು. ಬಚ್ಚಲಿಗೆ ಆ್ಯಸಿಡ್ ಹಾಕಿ ತೊಳೆಯುವ ದಿನ, ತಲೆಗೆ ಡೈ ಹಚ್ಚಿದ ದಿನ, ಮಗುವಿನ ಹೊಲಸು ಬಟ್ಟೆ ಒಗೆದ ದಿನ, ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಇರುವಾಗ ನೀರನ್ನು ಒಳಚರಂಡಿಗೆ ತಿರುಗಿಸಿ. ಕೊತ್ತಂಬರಿ, ಮೂಲಂಗಿ, ಕ್ಯಾರೆಟ್ಟಿನಂಥ ಹಸಿಯಾಗಿ ತಿನ್ನುವವಕ್ಕೆ ಈ ನೀರು ಬೇಡ. ಪಾತ್ರೆ ತೊಳೆದ ಜಿಡ್ಡಿನ ನೀರೂ ಬೇಡ. ಅಕ್ಕಿ ತೊಳೆದ ನೀರನ್ನು ತೊಳೆದ ಕೂಡಲೇ ಧಾರಾಳವಾಗಿ ಹಾಕಿ.

ನಾನು ಹೇಳಿದ್ದು ಬೆಂಗಳೂರಿನ ಕೆಂಪು ಮಣ್ಣಿಗೆ. ಹುಬ್ಬಳ್ಳಿ, ವಿಜಯಪುರದ ಕಡೆಯ ಎರೆ ಮಣ್ಣಾದರೆ ಹುಷಾರು. ಸೋಪಿನ ಸೋಡಿಯಂ ಎರೆ ಮಣ್ಣನ್ನು ಬಿಗಿ ಮಾಡುತ್ತದೆ, ನೀರು ಇಂಗುವುದಿಲ್ಲ. ಮೊದಲು ಗುಂಡಿ ತೋಡಿ ಎರಡು ಸಲ ನೀರು ತುಂಬಿಸಿ. ಎರಡನೇ ಸಲ ಸಂಜೆಯವರೆಗೂ ನೀರು ನಿಂತೇ ಇದ್ದರೆ ಆ ಜಾಗ ಬಿಡಿ, ಮಣ್ಣು ಬಲ್ಲವರಿಗೆ ತೋರಿಸಿ.

ಹೆಡ್‌ಮಿಸ್ಸಿನ ಮನೆಯಲ್ಲಿ ಒಂದೇ ದಿನದಲ್ಲಿ ಪೈಪು ಹಾಕಿ ಮುಗಿಸಿದೆವು. ಡ್ರಮ್ ಮಾರಲು ಅವರು ಒಪ್ಪಲಿಲ್ಲ. ತೊಳೆದು ಬಿಸಿಲಿಗೆ ಒಣಗಿಸಿ, ಈಗ ಬೀದಿಯ ಹೊಂಗೆ ಮರದ ಎಲೆ ಗುಡಿಸಿ ಅದರಲ್ಲಿ ತುಂಬಿಡುತ್ತಾರೆ, ಗುಂಡಿಗೆ ಹಾಕಲು. ಮೊನ್ನೆ ಜೋರು ಮಳೆ ಬಂದ ರಾತ್ರಿ ಫೋನು ಮಾಡಿದ್ದರು. "ಬಾಳೆ ಬುಡ ತುಂಬಿ ನಿಂತಿದೆ ಕಣಪ್ಪಾ. ವಾಲ್ವ್ ತಿರುಗಿಸ್ಲಾ?"

ತಿರುಗಿಸಿ ಅಮ್ಮಾ, ಎಂದೆ.